ಮೂರನೇ ಬುಟ್ಟಿ

ಮೂರಕ್ಕೆ ಏಳಬೇಕು. ಹಂಚು ಒಲೆಗಿಟ್ಟು, ಜೋಳದ ಹಿಟ್ಟಿಗೆ ಕುದಿಯುವ ನೀರು ಸುರಿದು ನಾದಬೇಕು. ಇಪ್ಪತ್ತೆರಡು ರೊಟ್ಟಿ ಬಡಿಯಬೇಕು. ಇನ್ನೊಂದು ಒಲೆಯ ಮೇಲೆ ಬೇಳೆ, ಅದು ಇಳಿದ ಮೇಲೆ ಚಹಾ. ರೋಜಾಕ್ಕೆ ಮುಂಚಿನ ಊಟ, ಸಹರಿಗೆ ಎಲ್ಲರನ್ನೂ ಎಬ್ಬಿಸಬೇಕು: ಮಾವನಿಗೆ ಬಾಗಿಲು ತಟ್ಟಿದರೆ ಸಾಕು, ಅತ್ತೆಯನ್ನು ಮೊಣಕಾಲಿಗೆ ಎಣ್ಣೆ ಸವರಿ ಕೂರಿಸಬೇಕು, ಮೈದುನನನ್ನು ಮೂರು ಸಲ ಕರೆಯಬೇಕು. ಅವರು ಉಣ್ಣುವಾಗ ಬಿಸಿ ರೊಟ್ಟಿ ಒಂದೊಂದಾಗಿ ತಟ್ಟೆಗೆ ಬೀಳಬೇಕು. ನಾಲ್ಕೂವರೆಗೆ ನಳ ಬರುತ್ತದೆ. ಹನ್ನೆರಡು ಕೊಡ, ಆಮೇಲೆ ಹಿತ್ತಲಿನ ಡ್ರಮ್ಮು. ಕೊಡ ತುಂಬುವ ನಡುವೆ ತಾನೂ ನಾಲ್ಕು ತುತ್ತು ತಿಂದು ನೀರು ಕುಡಿಯಬೇಕು, ಮಸೀದಿಯ ಬಾಂಗ್ ಕೂಗಿದ ಮೇಲೆ ಅದೂ ಇಲ್ಲ. ಅಂಗಳ ಗುಡಿಸಬೇಕು. ಲಿಂಬೆ ಸುರುವಲು ತಾಡಪತ್ರಿ ಹಾಸಬೇಕು.

ಇಂಡಿ ಊರಿನ ಲಿಂಬೆ ವ್ಯಾಪಾರಿ ಬಂದಗಿಸಾಬರ ಮನೆಯಲ್ಲಿ ರಮಜಾನ್ ತಿಂಗಳಿಡೀ ಬೆಳಕು ಹರಿಯುವ ಮೊದಲು ಇಷ್ಟು ಕೆಲಸ ಮುಗಿದಿರುತ್ತಿತ್ತು. ಮಾಡುವವಳು ಸೊಸೆ ಸಿದ್ದೀಕಾ, ಇಪ್ಪತ್ಮೂರು ವರ್ಷದವಳು, ಮೂರು ವರ್ಷದ ಫಿರದೋಸಳ ತಾಯಿ. ಈ ಪಟ್ಟಿಯಲ್ಲಿ ಇನ್ನೊಂದು ಕೆಲಸವೂ ಸೇರಿತ್ತು, ಮನೆಯವರ ಲೆಕ್ಕಕ್ಕೆ ಬಾರದ್ದು. ಮೊದಲ ರೊಟ್ಟಿ ಬಡಿಯುವ ಮುನ್ನ ಅವಳು ಪರಾತದಲ್ಲಿ ಒಣ ಹಿಟ್ಟು ಹರವಿ, ಬೆರಳ ತುದಿಯಿಂದ ಹೂವಿನ ಭ್ರೂಣಚೀಲದ ಚಿತ್ರ ಬರೆಯುತ್ತಿದ್ದಳು. ಮೇಲೆ ಮೂರು ಕೋಶ, ಕೆಳಗೆ ಮೂರು, ನಡುವೆ ದೊಡ್ಡದೊಂದರಲ್ಲಿ ಎರಡು ಕೋಶಕೇಂದ್ರ. ಏಳು ಕೋಶ, ಎಂಟು ಕೋಶಕೇಂದ್ರ. ಪುಸ್ತಕ ನೋಡದೆ ಬರೆಯಬೇಕು, ತಪ್ಪಿದರೆ ಅಂಗೈಯಿಂದ ಅಳಿಸಿ ಮತ್ತೆ. ಸರಿಯಾದ ಚಿತ್ರವನ್ನೂ ಕೊನೆಗೆ ಅಳಿಸಿ, ಅದೇ ಹಿಟ್ಟನ್ನು ಕೈಗೆ ಸವರಿಕೊಂಡು ರೊಟ್ಟಿ ಬಡಿಯುತ್ತಿದ್ದಳು. ಹಂಚಿನ ಮೇಲೆ ಒಂದು ರೊಟ್ಟಿ ಬೇಯುವಷ್ಟರಲ್ಲಿ ಎರಡು ಅಂಕದ ಒಂದು ಉತ್ತರ ಬಾಯಲ್ಲಿ ಮುಗಿಯಬೇಕು. ಮುಗಿಯದಿದ್ದರೆ ಅದು ಬರುವುದಿಲ್ಲ ಎಂದೇ ಅರ್ಥ. ಬಂದಂತೆ ಅನ್ನಿಸುವುದು ಬೇರೆ, ಬರುವುದು ಬೇರೆ. ಇದನ್ನು ಅವಳಿಗೆ ಯಾವ ಮೇಷ್ಟ್ರೂ ಹೇಳಿಕೊಟ್ಟಿರಲಿಲ್ಲ.

ಪಿಯುಸಿ ಎರಡನೇ ವರ್ಷದಲ್ಲಿ ಅವಳಿಗೆ ಉಳಿದದ್ದು ಒಂದೇ ವಿಷಯ, ಜೀವಶಾಸ್ತ್ರ. ಅದರಲ್ಲಿ ಅವಳು ನಪಾಸಾದವಳಲ್ಲ, ಬರೆಯದೇ ಉಳಿದವಳು. ನಾಲ್ಕು ವರ್ಷದ ಹಿಂದೆ ಮುದ್ದೇಬಿಹಾಳದ ಕಾಲೇಜಿನಲ್ಲಿ ಆ ಪರೀಕ್ಷೆ ಇದ್ದ ದಿನವೇ ಇಂಡಿಯಿಂದ ಬಂದಗಿಸಾಬರ ಮನೆಯವರು ಹೆಣ್ಣು ನೋಡಲು ಅವಳ ಊರು ತಂಗಡಗಿಗೆ ಬಂದಿದ್ದರು. ಅವತ್ತು ಲಿಂಬೆ ಮಾರುಕಟ್ಟೆಗೆ ರಜೆ, ಬೇರೆ ದಿನ ಅವರಿಗೆ ಬಿಡುವಿರಲಿಲ್ಲ. ಹುಡುಗಿಗೆ ಪರೀಕ್ಷೆ ಇದೆ ಎಂದು ಹೇಳಲು ಅವಳ ತಾಯಿ ಪೀರಬಿಗೆ ಬಾಯಿ ಬರಲಿಲ್ಲ. ಬೆಳಗಿನ ಹತ್ತಕ್ಕೆ, ಪ್ರಶ್ನೆಪತ್ರಿಕೆ ಕೊಡುವ ಹೊತ್ತಿಗೆ, ಸಿದ್ದೀಕಾ ತಲೆಗೆ ಸೆರಗು ಹೊದ್ದು ಒಂಬತ್ತು ಜನಕ್ಕೆ ಶರಬತ್ತು ಹಂಚುತ್ತಿದ್ದಳು. ಎರಡು ಲೋಟ ಕೇಳಿ ಕುಡಿದವನು ಆಗ ಎಂಟನೆಯ ತರಗತಿಯಲ್ಲಿದ್ದ ಅಫ್ರೋಜ, ಈಗಿನ ಮೈದುನ. ಶರಬತ್ತು ಛಲೋ ಆಗಿತ್ತು ಅನ್ನುವುದು ಆ ಮನೆಯಲ್ಲಿ ಎಲ್ಲರಿಗೂ ನೆನಪಿದೆ.

ಈಗ ಅದೇ ಅಫ್ರೋಜ ಪಿಯುಸಿ ಎರಡನೇ ವರ್ಷ. ಅವನಿಗೆ ಬಾಗಿಲಿರುವ ಕೋಣೆ, ಫ್ಯಾನು, ಮೇಜು, ದಿನಕ್ಕೆ ಎಂಟು ನೆನೆಸಿದ ಬದಾಮಿ. ಅವನು ಓದುವಾಗ ಮಿಕ್ಸಿ ಹಚ್ಚುವಂತಿಲ್ಲ. ಹೀಗಾಗಿ ಡಿಸೆಂಬರ್‌ನಿಂದ ಮನೆಯ ಮಸಾಲೆ ಹಿತ್ತಲಿನ ಒಳಕಲ್ಲಿನಲ್ಲಿ ರುಬ್ಬಿ ಆಗುತ್ತಿತ್ತು. ಒಬ್ಬನ ಓದಿಗೆ ಸದ್ದಿಲ್ಲದ ಹೊತ್ತು ಸಿಗಲೆಂದು ಇನ್ನೊಬ್ಬಳ ತೋಳು ದಿನಕ್ಕೆ ಮುಕ್ಕಾಲು ತಾಸು ಹೆಚ್ಚು ದುಡಿಯುತ್ತಿತ್ತು.

ಸಿದ್ದೀಕಾಳಿಗೆ ಡಾಕ್ಟರಾಗುವ ಆಸೆಯೇನೂ ಇರಲಿಲ್ಲ. ಫಿರದೋಸ ಹೊಟ್ಟೆಯಲ್ಲಿದ್ದಾಗ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ರಕ್ತ ತೆಗೆದ ಹೆಂಗಸು, ಇವಳು ಸೂಕ್ಷ್ಮದರ್ಶಕವನ್ನೇ ನೋಡುತ್ತಿದ್ದುದನ್ನು ಕಂಡು, "ಬಾ, ನಿನ್ನ ರಕ್ತಾನ ಐತಿ, ನೋಡು" ಎಂದು ಕರೆದಿದ್ದಳು. ಆ ಸ್ಟೂಲಿನ ಮೇಲೆ ಕೂತು ಮಾಡುವ ಕೆಲಸ ತನಗೆ ಬರುತ್ತದೆ ಎಂದು ಅವಳಿಗೆ ಆ ನಿಮಿಷದಲ್ಲೇ ಅನ್ನಿಸಿತ್ತು. ಲ್ಯಾಬ್ ಡಿಪ್ಲೊಮಾಕ್ಕೆ ಸೇರಲು ಪಿಯುಸಿ ವಿಜ್ಞಾನ ಪಾಸಾಗಿರಬೇಕು. ಕಾಲೇಜಿನ ಸುನಂದಾ ಮೇಡಂಗೆ ಫೋನು ಮಾಡಿದಳು. ಅವರು ಪುನರಾವರ್ತಿತ ಅಭ್ಯರ್ಥಿಯ ಅರ್ಜಿ ತುಂಬಿಸಿದರು, ಹಳೆಯ ಪ್ರಶ್ನೆಪತ್ರಿಕೆಗಳ ಫೋಟೊ ಕಳಿಸಿದರು. "ಪಾಠ ಹತ್ತು ಸಲ ಓದಬ್ಯಾಡ ಸಿದ್ದೀಕಾ," ಎಂದರು. "ಒಮ್ಮೆ ಓದು, ಪುಸ್ತಕ ಮುಚ್ಚು, ಹತ್ತು ಸಲ ನಿನ್ನನ್ನ ನೀನ ಕೇಳ್ಕೋ."

ಕೇಳಿಕೊಳ್ಳುವ ದಾರಿಯನ್ನು ಅವಳು ಅಂಗಳದಲ್ಲಿ ಕಂಡುಕೊಂಡಳು.

ಆ ಅಂಗಳಕ್ಕೆ ದಿನವೂ ಹಳ್ಳಿಗಳಿಂದ ಟೆಂಪೊದಲ್ಲಿ ಲಿಂಬೆಯ ಚೀಲ ಬರುತ್ತವೆ. ತಾಡಪತ್ರಿಯ ಮೇಲೆ ಸುರುವಿ ಹೆಂಗಸರು ಆರಿಸಬೇಕು. ದಪ್ಪ, ನುಣುಪು, ಹಳದಿ ತಿರುಗಿದ್ದು ಮೊದಲನೇ ಬುಟ್ಟಿಗೆ. ನಡುವಿನದು ಎರಡನೆಯದಕ್ಕೆ. ಸಣ್ಣದು, ಕಲೆಯಾದದ್ದು, ಪೆಟ್ಟು ಬಿದ್ದದ್ದು ಮೂರನೆಯದಕ್ಕೆ, ಅದು ಉಪ್ಪಿನಕಾಯಿಯವರಿಗೆ. ಸಿದ್ದೀಕಾ ಹಳೆಯ ಲಗ್ನಪತ್ರಿಕೆಗಳ ಅಚ್ಚಿಲ್ಲದ ಭಾಗವನ್ನು ಕತ್ತರಿಸಿ ಚೀಟಿ ಮಾಡಿದಳು. ಒಂದು ಮಗ್ಗುಲಿಗೆ ಪ್ರಶ್ನೆ, ಇನ್ನೊಂದಕ್ಕೆ ಉತ್ತರ. ಮುನ್ನೂರ ಹನ್ನೆರಡು ಚೀಟಿ. ಹರಿದ ಮೂರು ಸಣ್ಣ ಬುಟ್ಟಿ ತಂದು ಅಡಿಗೆಮನೆಯ ಗೋಡೆಯ ಮಾಡದಲ್ಲಿಟ್ಟಳು. ತಡವರಿಸದೆ ಬಂದದ್ದು ಮೊದಲನೇ ಬುಟ್ಟಿಗೆ, ವಾರಕ್ಕೊಮ್ಮೆ ನೋಡಿದರೆ ಸಾಕು. ಅರ್ಧ ಬಂದದ್ದು ಎರಡನೆಯದಕ್ಕೆ, ದಿನ ಬಿಟ್ಟು ದಿನ. ಬಾರದ್ದು ಮೂರನೆಯದಕ್ಕೆ, ಅದು ದಿನವೂ. ಬಂದ ಚೀಟಿ ಒಂದು ಬುಟ್ಟಿ ಮೇಲೇರುತ್ತದೆ, ಮರೆತದ್ದು ಎಲ್ಲಿದ್ದರೂ ಮೂರನೆಯದಕ್ಕೇ ಬೀಳುತ್ತದೆ. ವ್ಯಾಪಾರದಲ್ಲಿ ಕೈ ಮೊದಲನೇ ಬುಟ್ಟಿಗೆ ಓಡುತ್ತದೆ. ಇಲ್ಲಿ ಕೈಯನ್ನು ಹಿಡಿದು ಮೂರನೆಯದಕ್ಕೆ ಹಾಕಬೇಕು. ಅಷ್ಟೇ ವ್ಯತ್ಯಾಸ, ಅದರಲ್ಲೇ ಎಲ್ಲ.

ಜೊತೆಗೆ ಲಿಂಬೆ ಆರಿಸಲು ಬರುವ ಶೇವಂತೆವ್ವನಿಗೆ ಓದು ಬರುವುದಿಲ್ಲ. ಸಿದ್ದೀಕಾ ಅವಳಿಗೇ ಪಾಠ ಹೇಳುತ್ತಿದ್ದಳು. ಅವಳಿಗೆ ತಿಳಿಯುವಂತೆ ಹೇಳಲಾಗದಿದ್ದರೆ ಆ ಚೀಟಿ ಮತ್ತೆ ಮೂರನೆಯ ಬುಟ್ಟಿಗೆ.

"ಒಂದ ಬೀಜದಾಗ ಒಂದಕ್ಕಿಂತ ಹೆಚ್ಚಿಗಿ ಭ್ರೂಣ ಇರೂದಕ್ಕ ಬಹುಭ್ರೂಣತೆ ಅಂತಾರ ಶೇವಂತೆವ್ವಾ. ಲಿಂಬಿ ಜಾತಿಯೊಳಗ ಇರ್ತೈತಿ."

"ಅದನ್ನ ಹೇಳಾಕ ಕಾಲೇಜ ಬೇಕೇನ? ಒಂದ ಬೀಜ ಊರಿದ್ರ ಮೂರ ಸಸಿ ಏಳ್ತಾವ. ನಮ್ಮಪ್ಪ ಹೇಳ್ತಿದ್ದ, ಅದರಾಗ ಒಂದ ಬ್ಯಾರೆ ಇರ್ತೈತಿ, ಉಳದಾವು ತಾಯಿ ಪಡಿಯಚ್ಚು."

"ಹೌದು. ಅವು ತಾಯಿ ಕೋಶದಿಂದನ ಆಗ್ತಾವ. ತಂದಿ ಪಾಲು ಇರೂದಿಲ್ಲ."

ಶೇವಂತೆವ್ವ ಕೈಯಲ್ಲಿನ ಕಾಯಿಯನ್ನು ತಿರುಗಿಸಿ ನೋಡಿದಳು. "ತಂದಿ ಇಲ್ಲದ ಹುಟ್ಟತಾವ, ತಾಯಿ ಹಂಗ ಬೆಳೀತಾವ. ಛಲೋ ಸಂಸಾರ ಐತೆವಾ ಗಿಡದ್ದು. ಮನ್ಯಾಗ ರೊಟ್ಟಿ ಸುಟ್ಟಿತು ಅಂತ ಒದರವರು ಯಾರೂ ಇರೂದಿಲ್ಲ."

ಆ ಉತ್ತರವನ್ನು ಸಿದ್ದೀಕಾ ಮತ್ತೆ ಮರೆಯಲಿಲ್ಲ.

ಫೆಬ್ರವರಿ ಮುಗಿಯುವ ಹೊತ್ತಿಗೆ ಮೂರನೆಯ ಬುಟ್ಟಿಯಲ್ಲಿ ಉಳಿದದ್ದು ಅರವತ್ತು ಚೀಟಿ. ಪರೀಕ್ಷೆ ಮುದ್ದೇಬಿಹಾಳದಲ್ಲಿ. ಇಂಡಿಯಿಂದ ವಿಜಯಪುರ, ಅಲ್ಲಿಂದ ಮುದ್ದೇಬಿಹಾಳ, ಬೆಳಗ್ಗೆ ಬಸ್ಸು ಹಿಡಿದು ಹತ್ತಕ್ಕೆ ಮುಟ್ಟುವ ದಾರಿಯಲ್ಲ. ಹಿಂದಿನ ದಿನವೇ ತಂಗಡಗಿಗೆ ಹೋಗಿ ತಾಯಿಯ ಹತ್ತಿರ ಇರಬೇಕು. ಅಂದರೆ ಅವಳಿಗೆ ಬೇಕಾದದ್ದು ಎರಡು ದಿನ. ಮದುವೆಯಾದ ನಾಲ್ಕು ವರ್ಷದಲ್ಲಿ ಬಾಣಂತನ ಬಿಟ್ಟರೆ ಅವಳು ಕೇಳಿದ ಮೊದಲ ಎರಡು ದಿನ.

ಅತ್ತೆ ಸೈದಾಬಿ ಕೆಟ್ಟ ಹೆಂಗಸೇನಲ್ಲ. ಮೊಣಕಾಲು ಸವೆಯುವ ತನಕ ಇದೇ ಹಂಚಿನ ಮುಂದೆ ಕೂತವಳು. ಸೊಸೆ ಮಾತು ಮುಗಿಸುವ ತನಕ ತಸಬಿಯ ಮಣಿ ತಿರುಗಿಸುತ್ತ ಕೇಳಿದಳು.

"ಅವತ್ತ ಅಫ್ರೋಜಂದೂ ಅದ ಪರೀಕ್ಷಾ ಅಲ್ಲೇನ?"

"ಹೌದ್ರಿ ಅಮ್ಮಾ. ಒಂದ ದಿನ, ಒಂದ ಪೇಪರ್."

"ಮತ್ತ ಅಂವಗ ಸಹರಿಗೆ ಎಬ್ಬಸವರು ಯಾರು, ಇಫ್ತಾರಕ್ಕ ಮಾಡವರು ಯಾರು? ನನ್ನ ಕಾಲು ನೋಡು. ಹುಡುಗ ಪರೀಕ್ಷಾದಾಗ ಹಸದು ಬಿದ್ರ?"

"ಎರಡ ದಿನಾ ಅಮ್ಮಾ. ಶೇವಂತೆವ್ವ ರೊಟ್ಟಿ ಬಡದ ಕೊಡ್ತೇನಿ ಅಂದಾಳ."

"ಆಕಿ ಕೈ ರೊಟ್ಟಿ ದಪ್ಪ. ಅಫ್ರೋಜ ತಿನ್ನೂದಿಲ್ಲ." ಸೈದಾಬಿ ಧ್ವನಿ ಇಳಿಸಿದಳು. "ಈಗೇನ ಹಿಂದಿನಂಗ ಒಂದ ಪರೀಕ್ಷಾ ಏನವಾ? ವರ್ಷಕ್ಕ ಮೂರ ಮಾಡ್ಯಾರಂತ. ಏಪ್ರಿಲದಾಗ ಐತಿ, ಜೂನದಾಗ ಐತಿ. ಅಂವಂದು ಮುಗೀಲಿ. ನಿಂದೇನ, ಯಾವಾಗ ಬರದ್ರೂ ನಡೀತೈತಿ."

ಗಂಡ ಸರ್ಫರಾಜ ಲಿಂಬೆ ತುಂಬಿದ ಗಾಡಿ ಒಯ್ಯುವವನು, ಮೆದು ಮಾತಿನವನು. ಹೆಂಡತಿಯ ಮೇಲೆ ಒಮ್ಮೆಯೂ ಕೈ ಎತ್ತಿಲ್ಲ. ಇದನ್ನು ಅವನ ತಾಯಿ ನೆಂಟರ ಮುಂದೆ ಹೇಳುತ್ತಾಳೆ, ಒಂದು ಪದವಿಯೆಂಬಂತೆ. ಅವನು ಹೇಳಿದ: "ಅಮ್ಮ ಅನ್ನೂದು ಖರೇನ ಐತಿ. ಮೂರು ಅವಕಾಶ ಕೊಟ್ಟಾರ ಅಂದ್ರ ನಿನ್ನಂಥವರಿಗಾಗೇ ಕೊಟ್ಟಾರ. ಏಪ್ರಿಲದಾಗ ನಾನ ಕರಕೊಂಡ ಹೋಗಿ ಬಿಟ್ಟ ಬರ್ತೇನಿ. ಮಾತು."

"ಮಾತು ಕೊಟ್ರಿ ನೋಡ್ರಿ."

"ಕೊಟ್ಟೆ ಅಂದ್ನೆಲ್ಲಾ."

ಸರಕಾರ ವಿದ್ಯಾರ್ಥಿಗಳ ಅನುಕೂಲಕ್ಕೆಂದು ಮಾಡಿದ ಮೂರು ಪರೀಕ್ಷೆ ಆ ಮನೆಯಲ್ಲಿ ಹೀಗೆ ಬಳಕೆಗೆ ಬಂತು. ಗಂಡುಮಗನಿಗೆ ಮೊದಲನೆಯದು, ಸೊಸೆಗೆ ಮುಂದಿನದು. ಮುಂದಿನದು ಎಂಬುದು ಯಾವಾಗಲೂ ಮುಂದೆಯೇ ಇರುತ್ತದೆ.

ಪರೀಕ್ಷೆಗೆ ಹತ್ತು ದಿನ ಇರುವಾಗ ಅಫ್ರೋಜ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತ. ಆ ಹೊಸ್ತಿಲಿಗೆ ಅವನು ಬರುವುದು ಅಪರೂಪ.

"ಭಾಬಿ, ಆ ಚೀಟಿ ಬುಟ್ಟಿ ಕೊಡ್ರಿ. ನೀವು ಹೆಂಗೂ ಈ ಸಲ ಬರಿಯೂದಿಲ್ಲಲ್ಲ."

"ನಿಮ್ಮ ನೋಟ್ಸ್ ಅದಾವಲ್ಲಾ ಅಫ್ರೋಜ ಭಾಯಿ?"

"ನೋಟ್ಸ್ ಓದಿದ್ರ ನಿದ್ದಿ ಬರ್ತೈತ್ರಿ. ಪೂರಾ ಪುಸ್ತಕಕ್ಕ ಹಳದಿ ಬಣ್ಣಾ ಹಚ್ಚೇನಿ, ಯಾವದು ಮುಖ್ಯ, ಯಾವದು ಅಲ್ಲ, ಏನೂ ತಿಳೀವಲ್ತು."

ಅವಳು ಕೊಟ್ಟಳು. ಕೊಡುವಾಗ ಹೇಳಿದಳು, ಕೂತು ಯಾರಾದರೂ ಕೇಳಬೇಕು, ನೀವು ನೋಡದೆ ಹೇಳಬೇಕು, ಸುಮ್ಮನೆ ಓದಿದರೆ ಉಪಯೋಗವಿಲ್ಲ. ಬೇಕಾದರೆ ರೊಟ್ಟಿ ಬಡಿಯುತ್ತ ನಾನು ಕೇಳುತ್ತೇನೆ. ಅವನು ನಕ್ಕ. "ಅಡಗಿ ಮನ್ಯಾಗ ಕುಂತು ಬಯಾಲಜಿ ಒಪ್ಪಸಲೇನ್ರಿ? ದೋಸ್ತರು ನಗ್ತಾರ." ಚೀಟಿಗಳು ಬೀಳದಂತೆ ಅವಳು ಒಂದೊಂದಕ್ಕೂ ಹಳೆಯ ಓಢಣಿಯ ಚೂರು ಹೊದಿಸಿ, ಚೀಲದ ಬಾಯಿ ಕಟ್ಟುವ ಹಾಗೆ ಎರಡು ಸುತ್ತಿನ ಗಂಟು ಹಾಕಿ ಕೊಟ್ಟಳು.

ಜೀವಶಾಸ್ತ್ರದ ದಿನ ಅವಳು ಮೂರಕ್ಕೆ ಎದ್ದಳು. ಅಫ್ರೋಜನನ್ನು ಮೂರು ಸಲ ಎಬ್ಬಿಸಿದಳು. ಅವನಿಗಾಗಿ ಹಾಲಿನಲ್ಲಿ ಖರ್ಜೂರ ನೆನೆಸಿಟ್ಟಿದ್ದಳು. ಹತ್ತು ಗಂಟೆಗೆ ಲಿಂಬೆಯ ರಾಶಿಯ ಮುಂದೆ ಕೂತಿದ್ದಳು. ಹತ್ತೂಕಾಲಿಗೆ ಅವಳ ಕೈ ನಿಂತಿತು.

"ಏನವಾ?" ಎಂದಳು ಶೇವಂತೆವ್ವ.

"ಈಗ ಬರಿಯಾಕ ಶುರು ಮಾಡಿರ್ತಾರ."

ಶೇವಂತೆವ್ವ ಸಿದ್ದೀಕಾಳ ಮುಂದಿದ್ದ ರಾಶಿಯಿಂದ ಅರ್ಧವನ್ನು ತನ್ನ ಕಡೆಗೆ ಎಳೆದುಕೊಂಡಳು.

ಮಧ್ಯಾಹ್ನ ಅವಳು ಮೈದುನನ ಕೋಣೆ ಗುಡಿಸಲು ಹೋದಳು. ಮೇಜಿನ ಕೆಳಗೆ ಮೂರು ಬುಟ್ಟಿ. ಮೊದಲನೆಯದು ಬಿಚ್ಚಿತ್ತು, ಚೀಟಿಗಳು ಹಾಸಿಗೆಯ ಮೇಲೂ ಕಿಟಕಿಯಲ್ಲೂ ಹರಡಿದ್ದವು, ಮೂಲೆಗಳು ಬೆವರಿಗೆ ಮೆದುವಾಗಿದ್ದವು. ಎರಡನೆಯದರ ಓಢಣಿ ಸ್ವಲ್ಪ ಸರಿದಿತ್ತು. ಮೂರನೆಯ ಬುಟ್ಟಿಯ ಎರಡು ಸುತ್ತಿನ ಗಂಟು ಅವಳು ಹಾಕಿದ ಹಾಗೇ ಇತ್ತು. ಕಸಬರಿಗೆ ಹಿಡಿದುಕೊಂಡೇ ಅವಳು ಅಲ್ಲಿ ಕುಕ್ಕರುಗಾಲಿನಲ್ಲಿ ಕೂತಳು. ಆಮೇಲೆ ಮೂರನ್ನೂ ಅಡಿಗೆಮನೆಯ ಮಾಡಕ್ಕೆ ತಂದಿಟ್ಟು, ಅವತ್ತೇ ಆ ಗಂಟು ಬಿಚ್ಚಿದಳು.

ಫಲಿತಾಂಶ ಏಪ್ರಿಲ್‌ನಲ್ಲಿ ಬಂತು. ಉಳಿದದ್ದರಲ್ಲಿ ಅಫ್ರೋಜನಿಗೆ ಪರವಾಗಿಲ್ಲ ಎನ್ನುವ ಅಂಕ. ಜೀವಶಾಸ್ತ್ರದಲ್ಲಿ ಮಾತ್ರ ಎಪ್ಪತ್ತಕ್ಕೆ ಇಪ್ಪತ್ತೊಂಬತ್ತು. ತೊಂಬತ್ತರ ಮೇಲಿನ ಮಾತನ್ನೇ ಕೇಳುತ್ತಿದ್ದ ಮನೆಯಲ್ಲಿ ಪರೀಕ್ಷೆ ಮುಗಿದ ಮೇಲೆ ಮತ್ತೆ ಶುರುವಾಗಿದ್ದ ಮಿಕ್ಸಿಯನ್ನೂ ಅವತ್ತು ಯಾರೂ ಹಚ್ಚಲಿಲ್ಲ. ಪಡಸಾಲೆಯಲ್ಲಿ ಬಂದಗಿಸಾಬರು ಮೊಬೈಲನ್ನು ದೂರ ಹಿಡಿದು ಮತ್ತೆ ಮತ್ತೆ ನೋಡಿದರು.

"ಅಡಗಿ ಮನಿ ಚೀಟಿ ಓದಿ ಪರೀಕ್ಷಾ ಬರದ್ರ ಇನ್ನೇನಾಗ್ತೈತಿ?" ಎಂದರು. ಯಾರಿಗೆಂದು ಹೇಳಲಿಲ್ಲ. ಹೇಳಬೇಕಾದ ಅಗತ್ಯವೂ ಇರಲಿಲ್ಲ.

ಅಫ್ರೋಜ ಗೋಡೆ ನೋಡುತ್ತ, "ನಾ ಪೂರಾ ಬಾಯಿಪಾಠ ಮಾಡಿದ್ನಿ ಅಬ್ಬಾ. ಅದರಾಗಿದ್ದದ್ದು ಪೇಪರದಾಗ ಒಂದೂ ಬರಲಿಲ್ಲ," ಅಂದ.

ಚಹಾದ ತಟ್ಟೆ ಹಿಡಿದು ನಿಂತಿದ್ದ ಸಿದ್ದೀಕಾ ಕೇಳಿದಳು. "ಅಫ್ರೋಜ ಭಾಯಿ, ಮೂರನೇ ಬುಟ್ಟಿ ಯಾಕ ಬಿಚ್ಚಲಿಲ್ಲ?"

"ಯಾಕ ಬಿಚ್ಚಲ್ರಿ? ಅದು ಮೂರನೇ ನಂಬರ್ ಮಾಲು ಅಲ್ಲೇನು? ಮುಖ್ಯ ಪ್ರಶ್ನೆ ಎಲ್ಲಾ ಮೊದಲನೇ ಬುಟ್ಟ್ಯಾಗ ಇರ್ತಾವ ಅಂತ ಅದನ್ನ ಐದ ಸಲ ಓದೇನಿ."

ಅವಳಿಗೆ ಒಂದು ಕ್ಷಣ ನಗು ಬಂದಂತಾಗಿ ತಟ್ಟೆಯ ಲೋಟಗಳು ಅಲುಗಿದವು. ಲಿಂಬೆಯ ಮನೆಯಲ್ಲಿ ಹುಟ್ಟಿದ ಹುಡುಗ ಬೇರೆ ಹೇಗೆ ತಿಳಿಯಬೇಕು? ಮೊದಲನೇ ಬುಟ್ಟಿಯಲ್ಲಿದ್ದದ್ದು ಮುಖ್ಯ ಪ್ರಶ್ನೆಗಳಲ್ಲ, ಅವಳಿಗೆ ಬರುತ್ತಿದ್ದ ಪ್ರಶ್ನೆಗಳು. ಅವಳ ತಲೆ ಆರಿಸಿದ ಮಾಲನ್ನು ಅವನು ತನ್ನದೆಂದು ಒಯ್ದಿದ್ದ. ಅವನಿಗೆ ಯಾವುದು ಬರುತ್ತದೆ, ಯಾವುದು ಬರುವುದಿಲ್ಲ ಎಂದು ಯಾವ ಬುಟ್ಟಿಯೂ ಕೇಳಿರಲಿಲ್ಲ. ಮೂರು ತಿಂಗಳು ಆ ಬುಟ್ಟಿಗಳು ಪಡಸಾಲೆಯಿಂದಲೂ ಕಾಣುವ ಹಾಗೆ ಅವನ ಕಣ್ಣ ಮುಂದೆಯೇ ಮಾಡದಲ್ಲಿದ್ದವು. ಊಟಕ್ಕೆ ಕೂತಾಗೆಲ್ಲ ಅವಳ ಬಾಯಿ ಅಲುಗುವುದನ್ನು ಅವನು ನೋಡಿದ್ದ. ಏನು ಮಾಡುತ್ತಿದ್ದೀರಿ ಎಂದು ಒಮ್ಮೆ ಕೇಳಿದ್ದರೆ ಹೇಳುತ್ತಿದ್ದಳು.

ಇದನ್ನೆಲ್ಲ ಅವಳು ಪಡಸಾಲೆಯಲ್ಲಿ ಹೇಳತೊಡಗಿದಳು. ನಾಲ್ಕು ಮಾತು ಆಗುವಷ್ಟರಲ್ಲಿ ಸೈದಾಬಿ ಕೈ ಎತ್ತಿದಳು.

"ಗೊತ್ತಿದ್ದಾಕಿ ಮೊದಲ ಹೇಳಬೇಕಿತ್ತು."

"ಹೇಳಿದ್ನ್ರಿ ಅಮ್ಮಾ. ಕುಂತ ಕೇಳ್ತೇನಿ ಅಂದಿದ್ನಿ."

"ಕುಂತು ಕೇಳಬೇಕಿತ್ತು. ಹೇಳೂದು ಬ್ಯಾರೆ, ಕೇಳೂದು ಬ್ಯಾರೆ."

ತನ್ನ ಪರೀಕ್ಷೆ ಬಿಟ್ಟು ಅವಳು ಉಳಿದದ್ದು ಅವನಿಗೆ ಅಡಿಗೆ ಮಾಡಲಿಕ್ಕೆ. ಈಗ ಅವನ ಅಂಕವೂ ಅವಳ ಪಾತ್ರೆಯೊಳಗೆ ಸೀದದ್ದೆಂದು ತೀರ್ಮಾನವಾಯಿತು. ಚಹಾ ಆರಿತ್ತು. ಮತ್ತೆ ಬಿಸಿ ಮಾಡಿ ತಂದಳು.

ಅಂಕ ಹೆಚ್ಚಿಸಿಕೊಳ್ಳಲು ಅಫ್ರೋಜ ಎರಡನೇ ಪರೀಕ್ಷೆ ಬರೆಯುವುದೆಂದಾಯಿತು. ಸುನಂದಾ ಮೇಡಂ ಸಿದ್ದೀಕಾಳ ಅರ್ಜಿಯನ್ನೂ ಮತ್ತೆ ತುಂಬಿಸಿದ್ದರು. ಮತ್ತೆ ಅದೇ ದಿನ, ಅದೇ ಪತ್ರಿಕೆ. ರಮಜಾನ್ ಮುಗಿದಿತ್ತು, ಆದರೆ ಬೇಸಿಗೆಯ ಲಿಂಬೆಯ ಸುಗ್ಗಿ ಶುರುವಾಗಿತ್ತು. ಅಂಗಳಕ್ಕೆ ದಿನಕ್ಕೆ ಎರಡು ಟೆಂಪೊ. ಈ ಸಲ ಬಂದಗಿಸಾಬರೇ ಆಜ್ಞೆ ಮಾಡಿದರು: ಸಿದ್ದೀಕಾ ದಿನಕ್ಕೆ ಎರಡು ತಾಸು ಅಫ್ರೋಜನ ಎದುರು ಕೂತು ಪ್ರಶ್ನೆ ಕೇಳಬೇಕು. ಆ ಎರಡು ತಾಸು ಎಲ್ಲಿಂದ ಬರಬೇಕು ಎಂಬುದನ್ನು ಅವರು ಹೇಳಲಿಲ್ಲ. ಅದು ಅವಳ ನಿದ್ದೆಯಿಂದ ಬಂತು. ರೋಜಾ ಮುಗಿದರೂ ಅವಳು ಮೂರಕ್ಕೇ ಏಳುವುದು ತಪ್ಪಲಿಲ್ಲ.

ಅವಳು ಕೂತಳು. ಮೊದಲ ದಿನವೇ, "ನಿಮ್ಮ ಚೀಟಿ ನೀವ ಬರೀರಿ. ನನ್ನವು ನಿಮಗ ನಡಿಯೂದಿಲ್ಲ," ಎಂದಳು.

"ನೀವ ಬರದ ಕೊಡ್ರಿ ಭಾಬಿ. ನಿಮ್ಮ ಅಕ್ಷರ ಛಲೋ ಅದಾವ."

"ಅಕ್ಷರಕ್ಕ ಅಂಕ ಕೊಡೂದಿಲ್ಲ. ಬರೀವಾಗನ ಅರ್ಧ ಬರ್ತೈತಿ. ನಾ ಬರದ್ರ ನನಗ ಬರ್ತೈತಿ."

ಅವನು ಮುಖ ದಪ್ಪ ಮಾಡಿಕೊಂಡು ಬರೆದ. ಅವನಿಗೆಂದೇ ಬೇರೆ ಮೂರು ಬುಟ್ಟಿ ಇಟ್ಟಳು. ಮೊದಲ ವಾರ ಅವನ ಚೀಟಿಗಳೆಲ್ಲ ಮೂರನೆಯ ಬುಟ್ಟಿಗೆ ಬಿದ್ದವು. "ಇಷ್ಟೂ ಬರೂದಿಲ್ಲ ಅಂತ ದಿನಾ ತೋರಿಸ್ತೀರಲ್ಲ," ಎಂದು ಸಿಟ್ಟಾದ. "ಪರೀಕ್ಷಾದಾಗ ತೋರಸೂದಕ್ಕಿಂತ ಮನ್ಯಾಗ ತೋರಸೂದು ಛಲೋ," ಎಂದಳು ಅವಳು. ಎರಡನೇ ವಾರ ಅವನಿಗೆ ಅದರ ರುಚಿ ಹತ್ತಿತು. ಒಂದು ಪಾಠದ್ದನ್ನೇ ಸಾಲಾಗಿ ಕೇಳದೆ ಅವಳು ತಳಿಶಾಸ್ತ್ರದ ನಡುವೆ ಪರಿಸರದ್ದು, ಅದರ ನಡುವೆ ಹೂವಿನದು ಎತ್ತಿ ಕೇಳುತ್ತಿದ್ದಳು. ಗಡಿಯಾರ ಇಟ್ಟುಕೊಂಡು ಹಳೆಯ ಪತ್ರಿಕೆ ಬರೆಸಿದಳು. ಹುಡುಗ ದಡ್ಡನಾಗಿರಲಿಲ್ಲ. ತನ್ನ ದಡ್ಡತನವನ್ನು ತಾನೇ ನೋಡುವ ಕೆಲಸವನ್ನು ಮಾತ್ರ ಅವನಿಗೆ ಯಾರೂ ಹಚ್ಚಿರಲಿಲ್ಲ. ಆ ಮನೆಯಲ್ಲಿ ಅವನು ಉಂಡ ತಟ್ಟೆಯನ್ನೂ ಬೇರೆಯವರೇ ಎತ್ತುತ್ತಿದ್ದರು.

ಪರೀಕ್ಷೆಗೆ ನಾಲ್ಕು ದಿನ ಇರುವಾಗ ಸರ್ಫರಾಜ ಗಾಡಿಯ ಕೀಲಿ ಕೈಯಲ್ಲಿ ತಿರುಗಿಸುತ್ತ ಅಡಿಗೆಮನೆಗೆ ಬಂದ. "ಹೈದರಾಬಾದಿಗೆ ಲೋಡ್ ಐತಿ. ನಾಕ ದಿನ ಆಗ್ತೈತಿ."

ಅವಳು ಕೈಯಲ್ಲಿದ್ದ ರೊಟ್ಟಿಯನ್ನು ಹಂಚಿಗೆ ಹಾಕಿದಳು. "ಮಾತು ಕೊಟ್ಟಿದ್ರಿ."

"ಸೀಜನ್ ನೋಡಾಕತ್ತಿಯಲ್ಲ. ಜೂನದಾಗ ಐತೆಲ್ಲ ಮೂರನೇದು."

"ನಾನ ಒಬ್ಬಾಕಿ ಹೋಗ್ತೇನಿ. ಬಸ್ ಅದಾವ."

"ಅಬ್ಬಾನ ಕೇಳು."

ಕೇಳಿದಳು. ಬಂದಗಿಸಾಬರು ಬೇಡ ಅನ್ನಲಿಲ್ಲ. "ಅಫ್ರೋಜಂದು ಈಗ ಎಲ್ಲಾ ಬರಾಕತ್ತೈತಿ ಅಂತಾನ. ಕಡೀ ದಿನ ನೀ ಇಲ್ಲಂದ್ರ ಅಂವ ಗಾಬರಿ ಆಗ್ತಾನ. ನಿಂದೇನ, ಶ್ಯಾಣೆ ಇದ್ದಿ, ಯಾವಾಗ ಬರದ್ರೂ ಪಾಸ್," ಎಂದರು. ಆ ಮನೆಯಲ್ಲಿ ಅವಳಿಗೆ ಸಿಕ್ಕ ಮೊದಲ ಹೊಗಳಿಕೆ, ಅವಳನ್ನು ತಡೆಯಲು ಬಂತು.

ಅಫ್ರೋಜ ಅಲ್ಲೇ ಇದ್ದ. ಅವನ ಕಡೆ ನೋಡಿದಳು. ಭಾಬಿ ಹೋಗಲಿ, ನನಗೆ ನಡೆಯುತ್ತದೆ ಎಂಬ ಒಂದು ಮಾತು ಅವನಿಂದ ಬರಬಹುದಾಗಿತ್ತು. ಅವನು ಮೊಬೈಲಿನಲ್ಲಿ ಏನನ್ನೋ ಹುಡುಕುತ್ತಿದ್ದ.

ಆಮೇಲಿನ ಎರಡು ದಿನ ಅವಳು ಯಾರನ್ನೂ ಏನೂ ಕೇಳಲಿಲ್ಲ. ಅಫ್ರೋಜನಿಗೆ ಪಾಠದ ಪ್ರಶ್ನೆ ಕೇಳಿದಳು, ಲಿಂಬೆ ಆರಿಸಿದಳು. ಸೈದಾಬಿ ಸಮಾಧಾನದಿಂದ, "ತಿಳದಾಕಿ ಅದಾಳ," ಎಂದು ಶೇವಂತೆವ್ವನ ಮುಂದೆ ಹೇಳಿದಳು. ಶೇವಂತೆವ್ವ ಕಾಯಿಯೊಂದನ್ನು ಮೂಸಿ ಮೂರನೇ ಬುಟ್ಟಿಗೆ ಒಗೆದು, "ಹೌದ್ರಿ, ಭಾಳ ತಿಳದಾಕಿ," ಎಂದಳು.

ಪರೀಕ್ಷೆಯ ಹಿಂದಿನ ದಿನ. ಮೂರು ಗಂಟೆ. ಸಿದ್ದೀಕಾ ಎದ್ದಳು, ಮುಖ ತೊಳೆದಳು, ಹಂಚು ಇಟ್ಟಳು. ಹಿಟ್ಟಿನ ಡಬ್ಬಿಯಿಂದ ಎಂದಿನಂತೆ ದೊಡ್ಡ ಬಟ್ಟಲು ತುಂಬಿ ತೆಗೆದಳು. ಪರಾತದಲ್ಲಿ ಹರವಿ ಬೆರಳಿಂದ ಭ್ರೂಣಚೀಲ ಬರೆದಳು. ಏಳು ಕೋಶ, ಎಂಟು ಕೋಶಕೇಂದ್ರ. ಪುಸ್ತಕ ತೆಗೆದು ನೋಡಲಿಲ್ಲ, ನೋಡುವ ಅಗತ್ಯ ಕಾಣಲಿಲ್ಲ.

ತನ್ನ ಬುಟ್ಟಿಗಳನ್ನು ಮಾಡದಿಂದ ಇಳಿಸಿದಳು. ಮೂರನೆಯದರಲ್ಲಿ ಹದಿನಾಲ್ಕು ಚೀಟಿ ಉಳಿದಿದ್ದವು. ಅವನ್ನು ಎಣಿಸಿ, ದಾರದಿಂದ ಕಟ್ಟಿ, ಮೊಬೈಲಿನ ಜೊತೆ ಚೀಲಕ್ಕೆ ಹಾಕಿದಳು. ಉಳಿದದ್ದನ್ನು ಅಲ್ಲೇ ಬಿಟ್ಟಳು. ಅಫ್ರೋಜನ ಮೂರನೆಯ ಬುಟ್ಟಿಯನ್ನು ಅವನ ಕೋಣೆಯ ಬಾಗಿಲಿಗೆ ಒಯ್ದಿಟ್ಟಳು, ಓಢಣಿ ಹೊದಿಸದೆ, ಗಂಟು ಹಾಕದೆ. ಕೇಳುವವರಿಲ್ಲದಿದ್ದರೂ ತೆಗೆದು ನೋಡುವಷ್ಟು ಅವನಿಗೆ ಈಗ ಬರುತ್ತದೆ. ನೋಡುವುದು, ಬಿಡುವುದು ಅವನದು.

ಮತ್ತೆ ಪರಾತದ ಮುಂದೆ ಬಂದು ಕೂತಳು. ಈ ಹಿಟ್ಟಿನಿಂದ ಇಪ್ಪತ್ತೆರಡು ರೊಟ್ಟಿ ಆಗುತ್ತವೆ. ಬಡಿಯಲು ತಾಸಿನ ಮೇಲೆ ಬೇಕು. ವಿಜಯಪುರದ ಮೊದಲ ಬಸ್ಸು ಐದಕ್ಕೆ. ಅದಕ್ಕೂ ಮೊದಲು, ನಾಲ್ಕೂವರೆಗೇ ನಳ ಬರುತ್ತದೆ, ನೀರಿನ ಸದ್ದಿಗೆ ಸೈದಾಬಿ ಎದ್ದು ಕಾಲು ತಿಕ್ಕಿಕೊಳ್ಳುತ್ತ ಕರೆಯುತ್ತಾಳೆ. ಇಪ್ಪತ್ತೆರಡೂ ಬಡಿದು ಮುಚ್ಚಿಟ್ಟು ಹೋದರೆ, ಪರೀಕ್ಷೆಗೆ ಹೋದರೂ ಮನೆಗೆಲಸ ಬಿಡಲಿಲ್ಲ ಎಂದು ಆಮೇಲೆ ಅವಳ ಪರವಾಗಿ ಯಾರಾದರೂ ಒಂದು ಮಾತು ಆಡಬಹುದು. ಆದರೆ ಅಷ್ಟರಲ್ಲಿ ಮನೆ ಎದ್ದಿರುತ್ತದೆ, ಬಸ್ಸು ತಪ್ಪುತ್ತದೆ.

ಅವಳು ಹಿಟ್ಟಿನ ಚಿತ್ರದ ಮೇಲೆ ಕೈ ಆಡಿಸಿ ಒಂದು ಮೂಲೆಯನ್ನಷ್ಟೇ ಬೇರ್ಪಡಿಸಿದಳು. ಉಳಿದ ಹಿಟ್ಟನ್ನು ಡಬ್ಬಿಗೆ ಮರಳಿ ಸುರಿದು ಮುಚ್ಚಳ ಒತ್ತಿದಳು. ನಾಲ್ಕು ರೊಟ್ಟಿ ಬಡಿದಳು, ತನಗೆ ಎರಡು, ಫಿರದೋಸಳಿಗೆ ಒಂದು, ದಾರಿಗೆ ಒಂದು. ಬಿಸಿಯಿರುವಾಗಲೇ ಶೇಂಗಾ ಹಿಂಡಿ ಹಚ್ಚಿ ಬಟ್ಟೆಯಲ್ಲಿ ಕಟ್ಟಿದಳು. ಒಲೆ ಆರಿಸಿದಳು. ಕೊಡಗಳನ್ನು ನಳದ ಕೆಳಗೆ ಸಾಲಾಗಿ ಇಡಲಿಲ್ಲ. ನಿದ್ದೆಯಲ್ಲಿದ್ದ ಮಗಳನ್ನು ಹೆಗಲಿಗೆ ಹಾಕಿಕೊಂಡು, ಹಿತ್ತಲಿನ ಬಾಗಿಲ ಚಿಲಕ ತೆಗೆದಳು.